ಗಟ್ಟಿಯಾಗಿ ಓದುವವರನ್ನು ಏನೆಂದು ಕರೆಯೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಕಾದಂಬರಿಯನ್ನು ಲಿಬ್ರಿವಾಕ್ಸ್ ಎಂಬ ಕೇಳುಪುಸ್ತಕಗಳ ಜಾಲತಾಣಕ್ಕಾಗಿ ಧ್ವನಿಮುದ್ರಿಸಲು ಮೈಸೂರಿನ ನಾವು ಕೆಲವರು ಹೊರಟಿದ್ದೇವೆ. 2005ರಲ್ಲಿ ಶುರುವಾದ ಈ ತಾಣದಲ್ಲಿ ದನಿ ಕೊಡುವವರೆಲ್ಲ ಸ್ವಯಂಸೇವಕರು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿಗಷ್ಟೇ ಅಲ್ಲಿ ಜಾಗ. ಕಾದಂಬರಿ ಅಚ್ಚಾದದ್ದು 1915ರಲ್ಲಿ, ಲೇಖಕರು ತೀರಿಕೊಂಡದ್ದು 1930ರಲ್ಲಿ. ಲೇಖಕರು ತೀರಿಕೊಂಡ ಮೇಲೆ ನಮ್ಮ ಕಾನೂನು ಕೊಡುವ 60 ವರ್ಷದ ಗಡುವು ಎಂದೋ ಕಳೆದಿರುವುದರಿಂದ ಆ ಕಡೆ ತೊಡಕಿಲ್ಲ. ತೊಡಕಿರುವುದು ಅಧ್ಯಾಯದ ಮೊದಲಿಗೆ ಹೇಳುವ ಸಾಲಿನಲ್ಲಿ. ಪುಸ್ತಕದ ಹೆಸರಾಯಿತು, ಬರೆದವರ ಹೆಸರಾಯಿತು. ಆಮೇಲೆ ಗಟ್ಟಿಯಾಗಿ ಓದಿದವರ ಹೆಸರು ಹೇಳುವಾಗ ಅವರನ್ನು ಏನೆನ್ನಬೇಕು?

‘ಓದುಗರು’ ಎಂದು ಹೇಳಿ ಧ್ವನಿಮುದ್ರಿಸಿದ್ದೆವು. ಕಣ್ಣು ಕಾಣದ ಗೆಳೆಯರೊಬ್ಬರು ಅದನ್ನು ಕೇಳಿ, “ಓದುಗ ನಾನಲ್ಲವೇ? ಪುಸ್ತಕ ಕೇಳಿ ಮುಗಿಸಿದ ಮೇಲೆ ಅದನ್ನು ಓದಿದೆ ಎಂದೇ ನಾನು ಹೇಳುವುದು” ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಅವರ ಪಾಲಿನ ಹೆಸರನ್ನು ನಾವು ಕಿತ್ತುಕೊಳ್ಳುವಂತಿಲ್ಲ.

‘ವಾಚಕರು’ ಎನ್ನೋಣವೆಂದರೆ ಪತ್ರಿಕೆಗಳ ‘ವಾಚಕರ ವಾಣಿ’ ಅಡ್ಡ ಬರುತ್ತದೆ. ಅಲ್ಲಿ ವಾಚಕರೆಂದರೆ ಮನೆಯಲ್ಲಿ ಕುಳಿತು ಪತ್ರಿಕೆ ಓದುವವರು. ‘ವಾಚನ’ದ ಧಾತುವಿನಲ್ಲಿ ಮಾತಿದೆ, ಆದರೆ ವಾಚನಾಲಯದ ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಎಂಬ ಫಲಕ. ಗಮಕದವರು ‘ವಾಚನ’, ‘ವ್ಯಾಖ್ಯಾನ’ ಎಂದು ಭಾಗ ಮಾಡಿಕೊಂಡು ಮೊದಲ ಪದದ ದನಿಯನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಹಾಗೆಂದು ಗದ್ಯ ಓದುವವರನ್ನು ‘ಗಮಕಿ’ ಎನ್ನಲಾಗದು. ರಾಗಬದ್ಧವಾಗಿ ಕಾವ್ಯ ಓದುವುದು ಬೇರೆಯೇ ವಿದ್ಯೆ, ಅದಕ್ಕೆ ವರ್ಷಗಟ್ಟಲೆ ಕಲಿಕೆ ಬೇಕು. ‘ನಿರೂಪಕ’ರನ್ನು ಟಿ.ವಿ. ವಾಹಿನಿಗಳು ಕರೆದೊಯ್ದಿವೆ. ‘ಪಠಣ’ ಎಂದ ಕೂಡಲೇ ಮಂತ್ರ, ಸ್ತೋತ್ರಗಳ ನೆನಪು.

‘ಓದು’ ಎಂಬ ಕ್ರಿಯಾಪದದ ಹರವೂ ದೊಡ್ಡದು. ‘ಕವಿರಾಜಮಾರ್ಗ’ದ ‘ಕುರಿತೋದದೆಯುಂ’ ಎಂಬಲ್ಲಿ ಅದಕ್ಕೆ ಕಲಿಕೆಯ ಅರ್ಥ. ಇಂದಿಗೂ ‘ಮಗ ಏನು ಓದುತ್ತಿದ್ದಾನೆ’ ಎಂದು ಕೇಳಿದರೆ ‘ಬಿ.ಕಾಂ.’ ಎಂಬ ಉತ್ತರ ಬರುತ್ತದೆ.

ನನಗೆ ಒಪ್ಪಿಗೆಯಾಗುತ್ತಿರುವುದು ‘ಓದುಗಾರ’, ‘ಓದುಗಾರ್ತಿ’. ಹಾಡುಗಾರ, ಮಾತುಗಾರ, ಬರಹಗಾರ ಇರುವಾಗ ಇದೂ ಕಿವಿಗೆ ಒಗ್ಗೀತು. ಹಾಡುಗಾರ, ಮಾತುಗಾರ ಎಂಬಲ್ಲಿ ಎದುರಿಗೆ ಕೇಳುವವರಿದ್ದಾರೆ ಎಂಬ ಸೂಚನೆಯಿದೆ, ನಮಗೆ ಬೇಕಾದದ್ದೂ ಅದೇ. ಆದರೆ ‘ಓದುಗ’, ‘ಓದುಗಾರ’ ಎಂಬ ಎರಡು ಪದಗಳ ನಡುವಿನ ಅಂತರ ಬರಿಯ ಕಿವಿಯಲ್ಲಿ ಕೇಳುವವರಿಗೆ ಸಾಕಾದೀತೇ ಎಂಬ ಅಳುಕಿದೆ. ‘ಓದಿ ಹೇಳಿದವರು’ ಎಂದರೆ ಸಂದೇಹಕ್ಕೆ ಎಡೆಯಿಲ್ಲ, ಉದ್ದವಾಯಿತು ಅಷ್ಟೇ.

ಮಂಡ್ಯ, ನಾಗಮಂಗಲ, ಮಳವಳ್ಳಿ ಕಡೆಯವರಲ್ಲಿ ಒಂದು ಕೋರಿಕೆ. ಹಳ್ಳಿಯ ಜಗಲಿಯಲ್ಲಿ ರಾತ್ರಿ ಹೊತ್ತು ಭಾರತವನ್ನೋ ರಾಮಾಯಣವನ್ನೋ ಓದಿ ಹೇಳುತ್ತಿದ್ದವರಿಗೆ ನಿಮ್ಮಲ್ಲಿ ಬೇರೆ ಹೆಸರಿತ್ತೇ? ಇದ್ದರೆ ಅದನ್ನು ಯಾವ ವಾಕ್ಯದಲ್ಲಿ, ಯಾರ ಬಾಯಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.