ಸ್ನೋ ಎಮರ್ಜೆನ್ಸಿ ದಿನ ಕಾರು ತೆಗೆಯೋ ವಿಷಯ: ಮಿನಿಯಾಪೊಲಿಸ್‌ನ ನಮ್ಮ ಬೀದಿ ಕನ್ನಡ ಮನೆಯವರಿಗೆ

ಮೂಲೆ ಮನೆ: ಎಲ್ರಿಗೂ ನಮಸ್ಕಾರ. ನಿನ್ನೆ ಸ್ನೋ ಎಮರ್ಜೆನ್ಸೀಲಿ, ಅಂದ್ರೆ ಹಿಮ ತೆಗೆಯೋಕೆ ರಸ್ತೆಯಿಂದ ಕಾರು ತೆಗೀರಿ ಅಂತ ಸಿಟಿಯವ್ರು ಹೇಳೋ ದಿನಗಳಲ್ಲಿ, ಮನೆ ನಂಬರ್ ಸಮ ಇರೋ ಕಡೆ ಎರಡು ಕಾರು ಹಂಗೇ ನಿಂತಿದ್ವು, ಹಿಮ ತಳ್ಳೋ ಪ್ಲೋ ಟ್ರಕ್ ಅವನ್ನ ಬಳಸ್ಕೊಂಡು ಹೋಯ್ತು, ಈಗ ಅಲ್ಲಿ ಮೊಣಕಾಲುದ್ದ ಹಿಮದ ದಿಬ್ಬ, ರಾತ್ರಿ ಚಳಿಗೆ ಕಲ್ಲಾಗಿದೆ, ಸಲಿಕೆ ಹೊಡೆದ್ರೆ ಠಣ್ ಅನ್ನತ್ತೆ. ಬೆಳಗ್ಗೆ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗೋ ವ್ಯಾನು ಹತ್ರ ಬರೋಕಾಗ್ದೆ ನಡುರಸ್ತೇಲಿ ನಿಲ್ತು, ನಾನೂ ನಮ್ಮನೆಯವ್ರೂ ವೀಲ್‌ಚೇರ್ ಸಮೇತ ಎತ್ತಿ ದಾಟಿಸಿದ್ವಿ, ಅವ್ರು ಹೆದರಿ ನನ್ನ ಕೈ ಬಿಡ್ಲೇ ಇಲ್ಲ. ಯಾರನ್ನೂ ಬೈಯ್ಯೋಕೆ ಬರೀತಿಲ್ಲ, ಇನ್ನೊಂದ್ಸಲ ಹಿಂಗಾಗ್ಬಾರ್ದು ಅಷ್ಟೆ.

ಕೆಂಪು ಬಾಗಿಲ ಮನೆ: ಅಕ್ಕಾ, ಅದ್ರಲ್ಲೊಂದು ನಮ್ದೇ, ತುಂಬಾ ಸಾರಿ. ಮೊದಲ ರಾತ್ರಿ ಟೋ ಮಾಡ್ಲಿಲ್ವಲ್ಲ, ಮುಗೀತು ಅಂದ್ಕೊಂಡೆ. ನಮಗಿದು ಇಲ್ಲಿ ಮೊದಲ ಚಳಿಗಾಲ, ಸ್ನೋ ಎಮರ್ಜೆನ್ಸಿಯ ಮೂರು ದಿನದ ಲೆಕ್ಕ ಯಾರಾದ್ರೂ ಬಿಡಿಸಿ ಹೇಳಿ.

ಎದುರು ಮನೆ ಅಂಕಲ್: ನೋಡಮ್ಮ, ಸಂಜೆ 6ರೊಳಗೆ ಸಿಟಿಯವ್ರು ಎಮರ್ಜೆನ್ಸಿ ಅನೌನ್ಸ್ ಮಾಡ್ತಾರೆ. ಅವತ್ತು ರಾತ್ರಿ 9ರಿಂದ ಬೆಳಗ್ಗೆ 8ರ ತನಕ ಸ್ನೋ ಎಮರ್ಜೆನ್ಸಿ ರೂಟ್ ಅಂತ ಬೋರ್ಡಿರೋ ರಸ್ತೇಲಿ ಎರಡೂ ಕಡೆ ನಿಲ್ಸೋ ಹಾಗಿಲ್ಲ. ನಮ್ಮ ಬೀದಿ ರೂಟ್ ಅಲ್ಲ, ಅದಕ್ಕೇ ನಿಂಗೆ ಅವತ್ತೇನೂ ಆಗ್ಲಿಲ್ಲ. ನಮಗೆ ಶುರುವಾಗೋದೇ ಎರಡನೇ ದಿನ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಮ ನಂಬರ್ ಕಡೆ ಖಾಲಿ ಇರ್ಬೇಕು, ಮೂರನೇ ದಿನ ಅದೇ ಟೈಮಲ್ಲಿ ಬೆಸ ಕಡೆ. ಕರ್ಬ್ (ಫುಟ್‌ಪಾತ್ ಅಂಚು) ತನಕ ಹಿಮ ಪೂರ್ತಿ ತಳ್ಳಿದ್ಮೇಲೆ 8ಕ್ಕೆ ಮುಂಚೇನೂ ನಿಲ್ಸ್‌ಬಹುದು, ಆದ್ರೆ ಟ್ರಕ್ ಒಂದು ಸುತ್ತು ಹೋಯ್ತು ಅಂತ ಓಡ್ಬೇಡಿ, ಅಂಚು ಉಳಿದಿರತ್ತೆ.

ಕೆಂಪು ಬಾಗಿಲ ಮನೆ: ಆ ದಿಬ್ಬಕ್ಕೆ ಒಂದು ಮೂಟೆ ಉಪ್ಪು ಸುರಿದ್ರೆ?

ಎದುರು ಮನೆ ಅಂಕಲ್: ಬೇಡಮ್ಮ. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾಮೂಲಿ ಉಪ್ಪು ಕೆಲಸಕ್ಕೆ ಬರಲ್ಲ, ಕರಗಿದ್ದೆಲ್ಲ ಚರಂಡಿ ಹಿಡ್ದು ನಮ್ಮ ಕೆರೆಗಳಿಗೇ ಸೇರತ್ತೆ, ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನ ಕೆಡ್ಸತ್ತೆ, ವಾಪಸ್ ತೆಗೆಯೋಕೂ ಆಗಲ್ಲ. ಜಾರದಂಗೆ ಮರಳು ಹಾಕಿ ಸಾಕು.

ಮಾಳಿಗೆ ಮನೆ: ಇನ್ನೊಂದು ಕಾರು ನಮ್ದು, ನಾವು ಬೆಂಗಳೂರಲ್ಲಿದೀವಿ, ಈಗ್ತಾನೆ ನೋಡ್ದೆ. ಹೊರಡೋವಾಗ ಕೀ ಯಾರಿಗೂ ಕೊಡ್ದೆ ಬಂದಿದ್ದು ತಪ್ಪಾಯ್ತು. ಸ್ಪೇರ್ ಕೀ ಅಡುಗೆಮನೆ ಡ್ರಾಯರಲ್ಲಿದೆ, ಓನರ್‌ಗೆ ಫೋನ್ ಮಾಡಿ ಬಾಗಿಲು ತೆಗೆಸ್ತೀನಿ, ದಯವಿಟ್ಟು ಯಾರಾದ್ರೂ ತಗೊಳ್ಳಿ.

ಮೂಲೆ ಮನೆ: ನಾನು ತಗೋತೀನಿ, ಹಿಂದಿನ ಓಣೀಲಿ ನಮ್ಮ ಗರಾಜ್ ಪಕ್ಕ ಒಂದು ಕಾರಿಗೆ ಜಾಗ ಇದೆ. ಊರಿಗೆ ಹೋಗೋರು ಇನ್ಮೇಲೆ ಒಂದು ಕೀ ನಮ್ಮನೇಲಿ ಬಿಟ್ಟು ಹೋಗಿ. ಎರಡನೇ ದಿನ, ಮೂರನೇ ದಿನ ಬೆಳಗ್ಗೆ 7ಕ್ಕೆ ಇಲ್ಲೇ ಮೆಸೇಜ್ ಹಾಕ್ತೀನಿ, ನೋಡಿದವ್ರು ಆಯ್ತು ಅಂತ ಬರೀರಿ, ಬರೀದಿರೋರ ಮನೆ ಬೆಲ್ ಒತ್ತೋದು ಯಾರು?

ಕೆಂಪು ಬಾಗಿಲ ಮನೆ: ನಾನು ಒತ್ತೀನಿ ಅಕ್ಕಾ.

ಎದುರು ಮನೆ ಅಂಕಲ್: ನಾಳೆ 10ಕ್ಕೆ ದಿಬ್ಬ ಒಡೆಯೋಣ, ಹಾರೆ ನನ್ಹತ್ರ ಇದೆ. ಬೆಂಕಿ ಆರಿಸೋಕೆ ನೀರು ಕೊಡೋ ಫೈರ್ ಹೈಡ್ರಂಟೂ ಹೂತೋಗಿದೆ, ಮೊದ್ಲು ಅದನ್ನ ಬಿಡಿಸ್ಬೇಕು.