ಬೇರೆ ಇರೋ ಗಂಡ-ಹೆಂಡತಿ: ಮಕ್ಕಳ ಶಿಕ್ಷಣ ಭತ್ಯೆ, ತೆರಿಗೆ ವಿನಾಯಿತಿ, ಸುಕನ್ಯಾ ಖಾತೆ ಯಾರಿಗೆ?

ಗೋಕುಲ ರೋಡ್ ಅಕ್ಕ (ಹುಬ್ಬಳ್ಳಿ):

ನಮಸ್ಕಾರ್ರಿ ಎಲ್ಲಾರಿಗೂ. ತಂಗೀ ಸಲುವಾಗಿ ಕೇಳಾಕತ್ತೀನಿ. ಆಕಿ ಗಂಡ ರೈಲ್ವೆ ವರ್ಕ್‌ಶಾಪ್‌ನ್ಯಾಗ ಕಾಯಂ ನೌಕರ, ಆಕಿ ಖಾಸಗಿ ಸಾಲಿ ಟೀಚರ್. ಮಗಳು 7ನೇತ್ತೆ, ಮಗ 3ನೇತ್ತೆ, ಇಬ್ಬರೂ ತಾಯಿ ಹತ್ರನ ಅದಾರ. ಡೈವೋರ್ಸ್ ಆಗಿಲ್ಲ, ಜೀವನಾಂಶದ ಅರ್ಜಿ ಫ್ಯಾಮಿಲಿ ಕೋರ್ಟ್‌ನ್ಯಾಗ ನಡದೈತಿ. ಸಾಲಿ ಫೀ ಪೂರಾ ತಂಗಿನ ಕಟ್ತಾಳ, ಆದ್ರ ಮಕ್ಕಳ ಶಿಕ್ಷಣ ಭತ್ಯೆ ಗಂಡ ತಗೋತಾನ. ಈ ಸಲ ಬೊನಾಫೈಡ್ ಸರ್ಟಿಫಿಕೇಟ್ (ಮಕ್ಕಳು ಇಲ್ಲೇ ಓದ್ತಾರ ಅನ್ನೂ ಪತ್ರ, ಭತ್ಯೆಗೆ ಬೇಕಾಗೂದು) ಕೊಡಬ್ಯಾಡ್ರಿ ಅಂತ ಸಾಲಿಗೆ ಬರದು ಕೊಡಬೇಕಂತ ಮಾಡ್ಯಾಳ. ಕೊಡಬೌದೇನ್ರಿ? ಫೀ ಮ್ಯಾಲಿನ ತೆರಿಗೆ ವಿನಾಯಿತಿ ಯಾರಿಗೆ? ಮಗಳ ಸುಕನ್ಯಾ ಖಾತೆಗೆ ಅಪ್ಪನ ಗಾರ್ಡಿಯನ್, ರೊಕ್ಕ ತಗದುಬಿಟ್ರ ಅಂತ ಹೆದರಿಕಿ ಬ್ಯಾರೆ. ತಿಳದವ್ರು ಹೇಳ್ರಿ.

ಬಿಲ್ ಸೆಕ್ಷನ್ ಮಂದಿ (ಹುಬ್ಬಳ್ಳಿ):

ಅಕ್ಕಾರ, ಸಾಲಿಗೆ ಅಂಥಾ ಪತ್ರ ಕೊಡಾಕ ಹೋಗಬ್ಯಾಡ್ರಿ. ಆ ಭತ್ಯೆ ಕೇಂದ್ರ ಸರ್ಕಾರದ ನೌಕರಗಷ್ಟ ಬರೂದು. ತಂಗಿ ಖಾಸಗಿ ನೌಕರಿ ಮಾಡ್ತಾರಂದ ಮ್ಯಾಲ ಅವರ ಹೆಸರಿಗೆ ತಿರುಗಿಸಾಕ ಬರೂದಿಲ್ಲ. ಸರ್ಟಿಫಿಕೇಟ್ ತಡದ್ರ ರೊಕ್ಕ ಯಾರಿಗೂ ಸಿಗಂಗಿಲ್ಲ, ಸರ್ಕಾರದ ಖಜಾನಿಯೊಳಗ ಉಳೀತೈತಿ ಅಷ್ಟ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ರ ಮಾತು ಬ್ಯಾರೆ. ಆಗ ಒಬ್ಬರಷ್ಟ ತಗೋಬೇಕು, ಯಾರು ಅಂತ ಬರದು ಕೊಡಬೇಕು, ಇಬ್ಬರೂ ತಗೊಂಡ್ರ ವಸೂಲಿ.

ಲೆಕ್ಕ ನೋಡ್ರಿ. ತುಟ್ಟಿಭತ್ಯೆ 50 ಪರ್ಸೆಂಟ್ ಮುಟ್ಟಿದ್ದಕ್ಕ 2024ರ ಜನವರಿ 1ರಿಂದ ಈ ಭತ್ಯೆ ಒಂದು ಮಗುವಿಗೆ ತಿಂಗಳಿಗೆ 2,250ರಿಂದ 2,812.50 ರೂಪಾಯಿ ಆಗೈತಿ. ವರ್ಷಕ್ಕ 33,750. ಇಬ್ಬರು ಮಕ್ಕಳಿಗೆ 67,500. ಖರೆ ಫೀ 20 ಸಾವಿರ ಇರ್ಲಿ, 80 ಸಾವಿರ ಇರ್ಲಿ, ಕೊಡೂದು ಇಷ್ಟ. ಹಿಂಗಾಗಿ ಫೀ ರಸೀತಿ ಯಾರ ಹತ್ರ ಐತಿ ಅನ್ನೂದರ ಮ್ಯಾಲ ಇದು ನಿಂತಿಲ್ಲ. ಮಗು ಆ ವರ್ಷ ಆ ಸಾಲ್ಯಾಗ ಓದೇತಿ ಅಂತ ಹೆಡ್‌ಮಾಸ್ತರ ಸಹಿ ಇದ್ರ ಸಾಕು.

ತಂಗಿಗೆ ಖರೇನ ಉಪಯೋಗಕ್ಕ ಬರೂ ಮಾತು ಇದು: ಈ ರೊಕ್ಕ ತಿಂಗಳಾ ಬರೂದಿಲ್ಲ, ವರ್ಷಕ್ಕೊಮ್ಮೆ ಬರ್ತೈತಿ. ಕೋರ್ಟಿಗೆ ಮೂರು ತಿಂಗಳ ಪೇ ಸ್ಲಿಪ್ ಕೊಟ್ರ ಅದರಾಗ ಕಾಣಂಗೇ ಇಲ್ಲ. 12 ತಿಂಗಳ ಸ್ಲಿಪ್ ಕೇಳಬೇಕು, ಫಾರ್ಮ್ 16 ಸೈತ ಕೇಳಬೇಕು. ಆರ್‌ಟಿಐ ಹಾಕಿ ಗಂಡನ ಪಗಾರ ತಗೀತೀವಿ ಅಂತ ಭಾಳ ಮಂದಿ ಓಡಾಡ್ತಾರ. ವೈಯಕ್ತಿಕ ಮಾಹಿತಿ ಅಂತ ವಾಪಸ್ ಬರೂದ ಹೆಚ್ಚು. ಕೋರ್ಟ್ ಕಡಿಂದನ ಪಗಾರ ಸರ್ಟಿಫಿಕೇಟ್ ತರಸ್ರಿ.

ಹಾಸ್ಟೆಲ್ ಸಬ್ಸಿಡಿ ಅಂತ ಇನ್ನೊಂದೈತಿ, ತಿಂಗಳಿಗೆ 8,437.50. ಅದು ನೌಕರನ ಮನಿಯಿಂದ 50 ಕಿಲೋಮೀಟರ್ ಆಚೆ ವಸತಿ ಸಾಲ್ಯಾಗ ಇರೂ ಮಕ್ಕಳಿಗೆ. ಅಜ್ಜಿ ಮನ್ಯಾಗ ಇಟ್ಟು ಹಾಸ್ಟೆಲ್ ಅಂತ ತೋರಿಸಿದ್ರ ಶಿಸ್ತು ಕ್ರಮ ಆಗ್ತೈತಿ.

ದವಾಖಾನಿ ಮಾತು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ರೈಲ್ವೆಯ ಉಮೀದ್ ಕಾರ್ಡ್ (ದವಾಖಾನಿ ಗುರುತಿನ ಚೀಟಿ) ಒಬ್ಬೊಬ್ಬರಿಗೂ ಬ್ಯಾರೆ ನಂಬರಿಂದು. ಮಕ್ಕಳಿಬ್ಬರ ಕಾರ್ಡಿನ ಪ್ರತಿ ತಾಯಿ ಹತ್ರ ಇರ್ಲಿ.

ಧಾರವಾಡ ತೆರಿಗೆ ಸಲಹೆ:

ತೆರಿಗೆ ಭಾಗ ನಾನು ಹೇಳುತ್ತೇನೆ. ಮೊದಲು ಹಳೇ, ಹೊಸ ಎರಡು ತೆರಿಗೆ ಪದ್ಧತಿಗಳಲ್ಲಿ ಇಬ್ಬರೂ ಯಾವುದರಲ್ಲಿದ್ದಾರೆ ಎಂದು ನೋಡಿಕೊಳ್ಳಿ. ಹೊಸ ಪದ್ಧತಿಯಲ್ಲಿ ಶಾಲಾ ಶುಲ್ಕದ ವಿನಾಯಿತಿಯೇ ಇಲ್ಲ, ಹಾಗಾಗಿ ಇಬ್ಬರೂ ಅದರಲ್ಲಿದ್ದರೆ ಜಗಳಕ್ಕೆ ವಿಷಯವೇ ಉಳಿಯುವುದಿಲ್ಲ.

ಹಳೇ ಪದ್ಧತಿಯಲ್ಲಿ 80ಸಿ ಕೆಳಗೆ, ಒಟ್ಟು 1.5 ಲಕ್ಷದ ಮಿತಿಯೊಳಗೆ, ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಉಂಟು. (2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ಎಲ್ಲರ ಬಾಯಲ್ಲಿರುವ ಹಳೇ ಸಂಖ್ಯೆಯನ್ನೇ ಬಳಸುತ್ತಿದ್ದೇನೆ.) ವಿನಾಯಿತಿ ಸಿಗುವುದು ಫೀ ಕಟ್ಟಿದವರಿಗೆ. ಮಗು ಯಾರ ಹತ್ತಿರ ಇದೆ, ಶಾಲೆಯ ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದು ಮುಖ್ಯವಲ್ಲ. ಅರ್ಧ ತಾಯಿ, ಅರ್ಧ ತಂದೆ ಕಟ್ಟಿದರೆ ಇಬ್ಬರೂ ತಮ್ಮ ತಮ್ಮ ಭಾಗ ತೋರಿಸಬಹುದು. ಡೊನೇಷನ್, ಅಭಿವೃದ್ಧಿ ಶುಲ್ಕ, ವ್ಯಾನ್ ಬಾಡಿಗೆ ಲೆಕ್ಕಕ್ಕೆ ಬರುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ರಸೀತಿ ಮಗುವಿನ ಹೆಸರಲ್ಲಿ ಬರುತ್ತದೆ, ಜೊತೆಗೆ ತಂದೆಯ ಹೆಸರು ಅಚ್ಚಾಗಿರುತ್ತದೆ. ತಾಯಿ ನಗದು ಕಟ್ಟಿದ್ದರೆ ಸಾಕ್ಷಿ ಇಲ್ಲ. ಆದ್ದರಿಂದ ಫೀಯನ್ನು ನಿಮ್ಮ ತಂಗಿಯ ಬ್ಯಾಂಕ್ ಖಾತೆಯಿಂದಲೇ, ಯುಪಿಐ ಅಥವಾ ಚೆಕ್ ಮೂಲಕ ಕಟ್ಟಲಿ. ಜೀವನಾಂಶದ ಅರ್ಜಿಗೂ ಅದೇ ದಾಖಲೆ ಕೆಲಸಕ್ಕೆ ಬರುತ್ತದೆ. ತಾನು ಕಟ್ಟದ ಫೀಯನ್ನು ತಂದೆ 80ಸಿಯಲ್ಲಿ ತೋರಿಸಿದ್ದರೆ ಅದು ತಪ್ಪು ಕ್ಲೇಮು. ಭತ್ಯೆ ಸಿಕ್ಕಿತು ಎಂದ ಮಾತ್ರಕ್ಕೆ ವಿನಾಯಿತಿಯೂ ಅವರದಾಗುವುದಿಲ್ಲ, ಎರಡೂ ಬೇರೆ ಬೇರೆ ನಿಯಮ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿರದ ತೊಡಕು. ಬೇರೆ ಇರುವ ತಾಯಂದಿರು ಮಕ್ಕಳ ಹೆಸರಲ್ಲಿ ಎಫ್‌ಡಿ ಇಡುತ್ತಾರೆ. ಅಪ್ರಾಪ್ತ ಮಗುವಿನ ಬಡ್ಡಿ ಆದಾಯ ಕಲಂ 64(1ಎ) ಪ್ರಕಾರ ತಂದೆ-ತಾಯಿಯಲ್ಲಿ ಹೆಚ್ಚು ಆದಾಯ ಇದ್ದವರ ಲೆಕ್ಕಕ್ಕೆ ಸೇರುತ್ತದೆ. ಮದುವೆ ಕಾನೂನಿನ ಪ್ರಕಾರ ಮುಗಿದ ಮೇಲೆ ಮಾತ್ರ ಮಗುವನ್ನು ಸಾಕುತ್ತಿರುವವರ ಲೆಕ್ಕಕ್ಕೆ. ಸುಮ್ಮನೆ ಬೇರೆ ಇರುವುದು ಸಾಲದು, ವಿಚ್ಛೇದನದ ಡಿಕ್ರಿ (ಕೋರ್ಟಿನ ತೀರ್ಪು) ಬೇಕು. ಅಂದರೆ ನಿಮ್ಮ ತಂಗಿ 5 ಲಕ್ಷ ಇಟ್ಟು 7 ಪರ್ಸೆಂಟ್‌ನಂತೆ 35,000 ಬಡ್ಡಿ ಬಂದರೆ, ಗಂಡನ ಆದಾಯ ಹೆಚ್ಚಿದ್ದರೆ ಅದನ್ನು ತೋರಿಸಬೇಕಾದವರು ಗಂಡ! ಬ್ಯಾಂಕಿಗೆ ಕೊಟ್ಟಿದ್ದು ತಾಯಿಯ ಪ್ಯಾನ್, ತೆರಿಗೆ ತಂದೆಯದು, ಲೆಕ್ಕ ತಾಳೆಯಾಗುವುದಿಲ್ಲ. ಡಿಕ್ರಿ ಆಗುವ ತನಕ ಎಫ್‌ಡಿ ತಾಯಿಯ ಸ್ವಂತ ಹೆಸರಲ್ಲೇ ಇರಲಿ, ನಾಮಿನಿ ಮಕ್ಕಳಾಗಲಿ.

ಸುಕನ್ಯಾ ಬಗ್ಗೆ ಹೆದರುವುದು ಬೇಡ. ಒಬ್ಬ ಹುಡುಗಿಗೆ ಒಂದೇ ಖಾತೆ, ಆದ್ದರಿಂದ ತಾಯಿ ಇನ್ನೊಂದು ತೆರೆಯಲಾಗದು. ಆದರೆ ತಂದೆಗೂ ಮನಸ್ಸು ಬಂದಾಗ ತೆಗೆಯಲು ಬರುವುದಿಲ್ಲ. ಮಗಳಿಗೆ 18 ಆದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಓದಿಗಾಗಿ, ಹಿಂದಿನ ವರ್ಷದ ಕೊನೆಯ ಬಾಕಿಯ ಅರ್ಧದವರೆಗೆ ಮಾತ್ರ, ಅದೂ ಅಡ್ಮಿಷನ್ ಅಥವಾ ಫೀ ದಾಖಲೆ ತೋರಿಸಿ. 18 ತುಂಬಿದ ಮೇಲೆ ಖಾತೆ ನಡೆಸುವವಳು ಮಗಳೇ. ತಂದೆ ವರ್ಷದ ಕನಿಷ್ಠ 250 ಕಟ್ಟದೆ ಬಿಟ್ಟರೆ ಖಾತೆ ನಿಂತುಹೋಗುತ್ತದೆ, ಸರಿಮಾಡಲು ಪ್ರತಿ ವರ್ಷಕ್ಕೆ 50 ರೂಪಾಯಿ ದಂಡ. ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟುಕೊಂಡಿರಿ. ಗಾರ್ಡಿಯನ್ ಬದಲಾಯಿಸಬೇಕಾದರೆ ಕೋರ್ಟಿನ ಆದೇಶ ಒಯ್ದು ಕೊಡಬೇಕು.

ಗೋಕುಲ ರೋಡ್ ಅಕ್ಕ:

ಭಾಳ ಉಪಕಾರ ಆತ್ರಿ. ಪತ್ರ ಕೊಡೂದು ಬಿಡಸ್ತೀನಿ. ಹಂಗಾರ ಆ 67,500 ಮಕ್ಕಳಿಗೆ ಮುಟ್ಟಾಕ ದಾರಿ ಏನ್ರಿ?

ವಕೀಲರ ಕಟ್ಟೆ (ಧಾರವಾಡ):

ದಾರಿ ಕೋರ್ಟಿನ ಆದೇಶವೇ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಎಂದು ಹೇಳಿದೆ. ಗಂಡ ಕೊಟ್ಟ ಅಫಿಡವಿಟ್ಟಿನಲ್ಲಿ ಈ ಭತ್ಯೆ ಬಿಟ್ಟಿದ್ದರೆ ಲಿಖಿತ ಆಕ್ಷೇಪಣೆ ಹಾಕಿಸಿ. ಅರ್ಜಿ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನದೋ, 2024ರ ಜುಲೈ 1ರ ನಂತರದ ನಾಗರಿಕ ಸುರಕ್ಷಾ ಸಂಹಿತೆಯ 144ರದೋ, ಎರಡಕ್ಕೂ ಇದೇ ಕ್ರಮ.

ಮುಖ್ಯವಾದದ್ದು ಆದೇಶದ ಮಾತು. “ಮಕ್ಕಳ ಶಿಕ್ಷಣದ ಖರ್ಚು ತಂದೆ ನೋಡಿಕೊಳ್ಳತಕ್ಕದ್ದು” ಎಂದು ಬರೆದರೆ ಜಾರಿ ಮಾಡಿಸಲು ಆಗುವುದಿಲ್ಲ, ಮೊತ್ತ ಇಲ್ಲ, ದಿನಾಂಕ ಇಲ್ಲ. ರಾಜಿಯಾದರೆ ರಾಜಿ ಪತ್ರದಲ್ಲಿ, ಇಲ್ಲವೇ ಅರ್ಜಿಯಲ್ಲಿ ಏನು ಬೇಕೆಂದು ಕೇಳುವ ಪ್ರಾರ್ಥನೆಯ ಭಾಗದಲ್ಲಿ ಹೀಗೆ ಬರೆಸಿ: ತಿಂಗಳ ಜೀವನಾಂಶದ ಹೊರತಾಗಿ, ಇಬ್ಬರು ಮಕ್ಕಳ ಹೆಸರಿನಲ್ಲಿ ಬರುವ ಶಿಕ್ಷಣ ಭತ್ಯೆಯ ಪೂರ್ತಿ ಮೊತ್ತವನ್ನು, ಅದು ಖಾತೆಗೆ ಜಮಾ ಆದ 15 ದಿನದೊಳಗೆ ತಾಯಿಯ ಇಂಥ ಖಾತೆಗೆ ವರ್ಗಾಯಿಸತಕ್ಕದ್ದು, ಬೊನಾಫೈಡ್ ಪತ್ರವನ್ನು ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ತಾಯಿ ಒದಗಿಸತಕ್ಕದ್ದು. “ಹೊರತಾಗಿ” ಎಂಬ ಪದ ಬಿಟ್ಟುಹೋದರೆ ತಿಂಗಳ ಹಣದಲ್ಲೇ ಅದೂ ಸೇರಿದೆ ಎಂದು ವಾದ ಬರುತ್ತದೆ.

ವಕೀಲರ ಫೀ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹಾವೇರಿ ಕಡೆಯವ:

ನೌಕರಿ ಇಲ್ದ ಮನಿಗೋಳ ಕತಿ ಬ್ಯಾರೆ ಐತ್ರಿ, ಇಲ್ಲೇ ಬರದು ಬಿಡ್ತೀನಿ, ಯಾರಿಗಾರ ಬೇಕಾಗ್ತೈತಿ. ಬಿಪಿಎಲ್ ಮನಿಯೊಳಗ ಜಗಳ ಎಲ್ಲಾ ರೇಷನ್ ಕಾರ್ಡ್ ಮ್ಯಾಲ ಬರ್ತೈತಿ. ಗೃಹಲಕ್ಷ್ಮಿ 2,000 ರೂಪಾಯಿ ಒಂದು ಕಾರ್ಡಿಗೆ ಒಬ್ಬಾಕಿಗಷ್ಟ, ಕಾರ್ಡಿನ ಯಜಮಾನಿಗೆ. ಸೊಸಿ ತವರಿಗೆ ಬಂದ್ರೂ ಹೆಸರು ಅತ್ತೀ ಕಾರ್ಡ್‌ನ್ಯಾಗ ಇದ್ರ ರೊಕ್ಕ ಅತ್ತಿಗೆ. ತವರಿನ ಕಾರ್ಡಿಗೆ ಸೇರಿದ್ರ ಅಲ್ಲಿ ತಾಯಿ ಯಜಮಾನಿ, ಮತ್ತ ಸಿಗಂಗಿಲ್ಲ. ತಾನೂ ಮಕ್ಕಳೂ ಅಷ್ಟ ಇರೂ ಬ್ಯಾರೆ ಕಾರ್ಡ್ ಆಗಬೇಕು.

ಸಿಗಹಾಕಿಕೊಳ್ಳೂದು ಹೆಸರು ತಗ್ಯೂದರಾಗ. ಆಧಾರ್ ಒಂದ ಕಾರ್ಡ್‌ನ್ಯಾಗ ಇರಬೇಕು, ಅವರು ತಗ್ಯೂತನಕ ಇಲ್ಲಿ ಸೇರಸಾಕ ಬರೂದಿಲ್ಲ. ಅವರು ಒಪ್ಪದಿದ್ರ ತಾಲೂಕು ಕಚೇರಿ ಆಹಾರ ಶಾಖೆಗೆ ಅರ್ಜಿ ಬರದು ಕೊಡ್ರಿ. ಅದಕ್ಕಿಂತ ಮೊದಲ ತಾಯಿ ಮಕ್ಕಳ ಆಧಾರ್ ವಿಳಾಸ ಬದಲ ಮಾಡಸ್ರಿ. ಕೋರ್ಟ್ ಕೇಸಿನ ಪ್ರತಿ, ಮಕ್ಕಳ ಸಾಲಿ ಸರ್ಟಿಫಿಕೇಟ್ ಹಚ್ಚರಿ, ಸ್ವೀಕೃತಿ ಸಿಕ್ಕಾ ಹಾಕಿಸ್ಕೋರಿ. ಹೊಸ ಬಿಪಿಎಲ್ ಅರ್ಜಿ ಯಾವಾಗ್ಲೂ ತಗೊಳಂಗಿಲ್ಲ, ಅದಕ್ಕ ಹೆಸರು ತಗ್ಯೂ ಕೆಲಸ ಮೊದಲ ಮುಗಿಸಿ ಇಟ್ಟಿರ್ರಿ.

ಇನ್ನ ಸ್ಕಾಲರ್‌ಶಿಪ್. ರೈತ ವಿದ್ಯಾನಿಧಿ ಆಗ್ಲಿ, ಇನ್ಯಾವುದ ಆಗ್ಲಿ, ರೊಕ್ಕ ಮಗುವಿನ ಆಧಾರ್ ಕಟ್ಟ ಕಡೀಗೆ ಯಾವ ಖಾತೆಗೆ ಜೋಡಣೆ ಆಗೇತಿ ಅದಕ್ಕ ಹೋಗ್ತೈತಿ. ಅರ್ಜಿ ತಾಯಿ ಹಾಕಿದ್ರೂ, ಹಳೇ ಜಂಟಿ ಖಾತೆ ಅಪ್ಪಂದಿದ್ರ ಅಲ್ಲೇ ಬೀಳ್ತೈತಿ. ಹೊಸ ಖಾತೆ ತಗದು ಆಧಾರ್ ಜೋಡಣೆ ಫಾರ್ಮ್ ಬ್ಯಾರೆ ಕೊಡಬೇಕು. ಆಧಾರ್ ಜೆರಾಕ್ಸ್ ಕೊಟ್ಟ ಕೂಡಲೆ ಜೋಡಣೆ ಆತು ಅಂತ ತಿಳ್ಕೊಂಡು ಕುಂತಾವ್ರು ಭಾಳ ಮಂದಿ.

ಗೋಕುಲ ರೋಡ್ ಅಕ್ಕ:

ಒಂದ ಕಡೀ ಪ್ರಶ್ನಿರಿ. ಬ್ಯಾಂಕಿನವರು ಮಕ್ಕಳ ಖಾತೆಗೆ ತಂದಿ ಸಹಿ ಬೇಕಂತಾರ.

ವಕೀಲರ ಕಟ್ಟೆ:

ಬೇಕಿಲ್ಲ. ತಾಯಿಯೂ ಸಹಜ ಪಾಲಕಿ ಎಂದು 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆ ಕೇಸು ಹುಟ್ಟಿದ್ದೇ ಮಗನ ಹೆಸರಿನ ರಿಸರ್ವ್ ಬ್ಯಾಂಕ್ ಬಾಂಡ್ ಅರ್ಜಿಗೆ ತಾಯಿಯ ಸಹಿ ಒಪ್ಪದಿದ್ದಾಗ. 2025ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲೂ ತಾಯಿಯನ್ನು ಗಾರ್ಡಿಯನ್ ಮಾಡಿ ಖಾತೆ ತೆರೆಯಬಹುದೆಂದು ಸ್ಪಷ್ಟವಾಗಿದೆ. ಮ್ಯಾನೇಜರಿಗೆ ಆ ತಾರೀಕು ಬರೆದು ಅರ್ಜಿ ಕೊಡಲಿ, ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಲಿ. ಅದೇ ಸುತ್ತೋಲೆಯ ಪ್ರಕಾರ 10 ವರ್ಷ ದಾಟಿದ ಮಗು, ಬ್ಯಾಂಕು ಹಾಕುವ ಮೊತ್ತದ ಮಿತಿಯೊಳಗೆ, ತಾನೇ ಖಾತೆ ತೆರೆದು ನಡೆಸಬಹುದು. ನಿಮ್ಮ ತಂಗಿಯ ಮಗಳಿಗೆ ಇದೇ ಒಳ್ಳೆಯದು. ಮಗನಿಗೆ ತಾಯಿ ಗಾರ್ಡಿಯನ್.

ಹಾವೇರಿ ಕಡೆಯವ:

ಬ್ಯಾಂಕಿಗೆ ಹೋಗೂಕಿಂತ ಮೊದಲ ಮಕ್ಕಳ ಆಧಾರಿಗೆ ಯಾರ ಮೊಬೈಲ್ ನಂಬರ್ ಐತಿ ನೋಡ್ರಿ ಅಕ್ಕಾರ. ಅಪ್ಪಂದಿದ್ರ ಓಟಿಪಿ ಎಲ್ಲಾ ಅವರಿಗೆ ಹೋಗ್ತಾವು. ಬದಲ ಮಾಡಸಾಕ ಆಧಾರ್ ಕೇಂದ್ರಕ್ಕ ಮಕ್ಕಳನ್ನ ಕರಕೊಂಡ ಹೋಗಬೇಕು.