ಪದಚರ್ಚೆ: ‘ಸುಂಟರಗಾಳಿ’ ಅಂದರೆ ಯಾವ ಗಾಳಿ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಾನಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ಇಲ್ಲಿನ ಕನ್ನಡ ಮಕ್ಕಳಿಗಾಗಿ ಟಾರ್ನೆಡೊ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ‘ಟಾರ್ನೆಡೊ ಮೊದಲಿಗಿಂತ ಜಾಸ್ತಿ ಆಗಿವೆಯಾ, ಅಪಾಯ ಹೆಚ್ಚಿದೆಯಾ?’ ಅಂತ ಮಕ್ಕಳು ಕೇಳುತ್ತಲೇ ಇರುತ್ತಾರೆ. ಉತ್ತರ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

ಕನ್ನಡದಲ್ಲಿ ಟಾರ್ನೆಡೊಗೆ ‘ಸುಂಟರಗಾಳಿ’ ಅನ್ನುತ್ತೇವೆ. ಅದು ಸರಿ ಅಂತಲೇ ನಾನೂ ಅಂದುಕೊಂಡಿದ್ದೆ. 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಲ್ಲಾಸ್‌ಗೆ ಟಾರ್ನೆಡೊ ಬಡಿಯಿತು. ಸೈರನ್ ಕೂಗಿದ ಕೂಡಲೇ ನಾವು ಕಿಟಕಿಯಿಲ್ಲದ ಬಚ್ಚಲಿನಲ್ಲಿ ತಲೆ ಮೇಲೆ ದಿಂಬು ಇಟ್ಟುಕೊಂಡು ಕೂತೆವು. ಮನೆಗಳ ಚಾವಣಿ ಹಾರಿದವು, ಶಾಲೆಗಳು ಮುರಿದವು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಚಳ್ಳಕೆರೆ ಕಡೆಯ ನಮ್ಮ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ‘ಸುಂಟರಗಾಳಿ ಬಂದಿತ್ತಮ್ಮ’ ಅಂದೆ. ಅಮ್ಮ, ‘ಹೌದೇನವ್ವ, ಕಣ್ಣಿಗೆ ಮಣ್ಣು ಬಿತ್ತಾ?’ ಅಂತ ಕೇಳಿದರು.

ಅಮ್ಮನ ತಪ್ಪಿಲ್ಲ. ಅವರ ಸುಂಟರಗಾಳಿ ಬೇಸಿಗೆಯ ಮಧ್ಯಾಹ್ನ ಬರಡು ಹೊಲದಲ್ಲಿ ಏಳುತ್ತದೆ. ತರಗೆಲೆ, ಧೂಳು, ಹರಿದ ಕಾಗದ ಗಿರಗಿರ ಸುತ್ತಿ ಮೇಲೇರುತ್ತವೆ. ಮೋಡವೇ ಬೇಕಿಲ್ಲ, ಕಾದ ನೆಲ ಸಾಕು. ಸ್ವಲ್ಪ ಹೊತ್ತಿಗೆಲ್ಲ ಅಡಗುತ್ತದೆ. ‘ದೆವ್ವದ ಗಾಳಿ’ ಅಂತ ಹೇಳಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು, ಅಷ್ಟೆ. ಟಾರ್ನೆಡೊ ಹಾಗಲ್ಲ. ಅದು ದೊಡ್ಡ ಗುಡುಗುಮೋಡದ ಹೊಟ್ಟೆಯಿಂದ ಇಳಿದು ನೆಲ ಮುಟ್ಟುವ ಗಾಳಿಯ ಕಂಬ. ಕೆಲವಂತೂ ಒಂದು ಕಿಲೋಮೀಟರಿಗಿಂತ ಅಗಲ ಇರುತ್ತವೆ.

ನಾನು ಫೋನ್ ಮಾಡಿದ ದಿನವೇ ಸಂಜೆ ಊರಿನ ಟಿವಿಯಲ್ಲಿ ಇದನ್ನೇ ‘ಚಂಡಮಾರುತ’ ಅಂದರಂತೆ. ಆಗ ಅಮ್ಮ ಗಾಬರಿಯಿಂದ ಅವರೇ ಫೋನ್ ಮಾಡಿ, ‘ಸಮುದ್ರ ನಿಮ್ಮ ಮನೆಗೆ ಎಷ್ಟು ದೂರ?’ ಅಂತ ಕೇಳಿದರು. ನಾನೂರು ಕಿಲೋಮೀಟರಿಗೂ ದೂರ! ಚಂಡಮಾರುತ ಬೆಚ್ಚನೆಯ ಕಡಲಿನ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಇರುವಂಥದ್ದು. ಒಂದೇ ದಿನ ಒಂದು ಪದ ಗಾಳಿಯನ್ನು ತೀರಾ ಚಿಕ್ಕದು ಮಾಡಿತು, ಇನ್ನೊಂದು ಬೇರೆ ಗಾಳಿಯನ್ನೇ ತೋರಿಸಿತು.

ಈ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ. ‘ಸೈಕ್ಲೋನ್’ ಪದವನ್ನು 1840ರ ದಶಕದಲ್ಲಿ ಕಲ್ಕತ್ತದಲ್ಲಿದ್ದ ಮಾಜಿ ಹಡಗು ಕಪ್ತಾನ ಹೆನ್ರಿ ಪಿಡಿಂಗ್ಟನ್ ಕಡಲ ಬಿರುಗಾಳಿಗೆಂದು ಕಟ್ಟಿದರು. ಆಮೇಲೆ ಅಮೆರಿಕದ ರೈತರು ಅದನ್ನೇ ಟಾರ್ನೆಡೊಗೆ ಬಳಸಿದರು. ಅಡಗಿ ಕೂರುವ ನೆಲಮಾಳಿಗೆಗೂ ‘ಸೈಕ್ಲೋನ್ ಸೆಲ್ಲರ್’ ಅಂದರು. ಇನ್ನು ನಮ್ಮ ನೆರೆಹೊರೆ ನೋಡಿ. ನಮ್ಮ ‘ಸುಳಿ’, ಮಲಯಾಳಂನ ‘ಚುಳಲಿ’ ಒಂದೇ ಬೇರಿನವು. ತೆಲುಗಿನ ‘ಸುಡಿಗಾಲಿ’ ಸುತ್ತುವ ಗಾಳಿ. ಆದರೆ ಮಲಯಾಳಂನ ‘ಚುಳಲಿಕ್ಕಾಟ್ಟ್’ ಅಂದರೆ ಕಡಲಿನ ಚಂಡಮಾರುತ!

ಪದ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕದಲ್ಲೇ ಉದಾಹರಣೆ ಇದೆ. 19ನೇ ಶತಮಾನದ ಕೊನೆಯಿಂದ ಹಲವು ದಶಕ ಅಲ್ಲಿನ ಸರ್ಕಾರದ ಹವಾಮಾನ ಮುನ್ಸೂಚನೆಯಲ್ಲಿ ‘ಟಾರ್ನೆಡೊ’ ಎಂಬ ಮಾತನ್ನೇ ಬಳಸುವ ಹಾಗಿರಲಿಲ್ಲ. ಜನ ದಿಗಿಲು ಬೀಳುತ್ತಾರೆ ಅನ್ನುವ ಕಾರಣಕ್ಕೆ. 1925ರ ಮಾರ್ಚ್ 18ರಂದು ಮಿಸೂರಿ, ಇಲಿನಾಯ್, ಇಂಡಿಯಾನಾ ಮೂರು ರಾಜ್ಯ ಹಾದುಹೋದ ಟಾರ್ನೆಡೊದಲ್ಲಿ 695 ಜನ ಸತ್ತರು. ಅವರಿಗೆ ಯಾವ ಎಚ್ಚರಿಕೆಯೂ ಸಿಕ್ಕಿರಲಿಲ್ಲ. ಇದನ್ನು ಓದಿದ ಮೇಲೆ ನನಗೆ ಪದದ ಹುಡುಕಾಟ ಸುಮ್ನೆ ಪಂಡಿತರ ಚರ್ಚೆ ಅನ್ನಿಸುತ್ತಿಲ್ಲ.

ಈಗ ‘ಜಾಸ್ತಿ’ ಪದಕ್ಕೆ ಬರುತ್ತೇನೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಟಾರ್ನೆಡೊ ದಾಖಲಾಗುತ್ತವೆ. 1950ರ ದಶಕದ ಲೆಕ್ಕಕ್ಕಿಂತ ಇದು ಎಷ್ಟೋ ಹೆಚ್ಚು. ಆದರೆ 1990ರ ದಶಕದಲ್ಲಿ ಮೋಡದೊಳಗೆ ಗಾಳಿ ಸುತ್ತುವುದನ್ನು ತೋರಿಸುವ ಡಾಪ್ಲರ್ ರಾಡಾರ್ ಬಂತು, ನೋಡಿ ವರದಿ ಮಾಡುವವರು ಹೆಚ್ಚಿದರು, ಕೈಗೆಲ್ಲ ಕ್ಯಾಮೆರಾ ಬಂತು. ಮೊದಲು ಯಾರೂ ಕಾಣದೆ ಹೋಗುತ್ತಿದ್ದ ಸಣ್ಣವೂ ಲೆಕ್ಕಕ್ಕೆ ಸೇರಿದವು. ಬಲವಾದವನ್ನು ಮಾತ್ರ ಎಣಿಸಿದರೆ ಅಂಥ ಏರಿಕೆ ಕಾಣುವುದಿಲ್ಲ. ಹಾಗಾಗಿ ‘ಜಾಸ್ತಿ ಕಾಣಿಸುತ್ತಿವೆ’ ಮತ್ತು ‘ಜಾಸ್ತಿ ಆಗುತ್ತಿವೆ’ ಬೇರೆ ಬೇರೆ ಮಾತು. ‘ಹೆಚ್ಚಳ’ ಅಂತ ಒಂದೇ ಪದ ಬರೆದರೆ ಈ ಅಂತರ ಅಳಿಸಿಹೋಗುತ್ತದೆ, ಅಲ್ವಾ?

ನಿಜವಾಗಿ ಬದಲಾಗಿರುವುದು ಬೇರೆ. ಟಾರ್ನೆಡೊ ಬರುವ ದಿನಗಳು ಕಡಿಮೆಯಾಗಿವೆ, ಬಂದ ದಿನ ಗುಂಪಾಗಿ ಬರುವುದು ಹೆಚ್ಚಿದೆ. 2011ರ ಏಪ್ರಿಲ್ 27ರ ಒಂದೇ ದಿನ ಇನ್ನೂರಕ್ಕಿಂತ ಹೆಚ್ಚು ಎದ್ದವು. ಇಂಥದ್ದಕ್ಕೆ ‘ಸರಣಿ’ ಅನ್ನಲೇ? ಸರಣಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಇವು ಒಟ್ಟಿಗೇ ಹಲವು ಕಡೆ ಏಳುತ್ತವೆ. ನನಗೆ ‘ಹಿಂಡು’ ಹಿಡಿಸಿದೆ.

ಇನ್ನೊಂದು ಬದಲಾವಣೆ ಜಾಗದ್ದು. ಟೆಕ್ಸಸ್, ಒಕ್ಲಹೋಮಾ ಕಡೆಯ ಬಯಲನ್ನು ಇಲ್ಲಿ ‘ಟಾರ್ನೆಡೊ ಆಲೀ’ ಅನ್ನುತ್ತಾರೆ. ‘ಓಣಿ’ ಅಂತ ಬರೆದಿದ್ದೆ, ಹೊಡೆದು ಹಾಕಿದೆ. ಓಣಿ ಜಾಗ ಬಿಟ್ಟು ಕದಲುವುದಿಲ್ಲ. ಇಲ್ಲಿ ಟಾರ್ನೆಡೊಗೆ ಒದಗುವ ಹವೆ ಮಿಸಿಸಿಪ್ಪಿ, ಅಲಬಾಮಾ, ಟೆನೆಸ್ಸೀ ಕಡೆ, ಅಂದರೆ ಪೂರ್ವಕ್ಕೆ, ಸರಿಯುತ್ತಿದೆ. ‘ಪಟ್ಟಿ’ ಅನ್ನಬಹುದೇನೋ.

‘ಅಪಾಯ’ದ ಬಗ್ಗೆಯೂ ಹುಷಾರಾಗಿರಬೇಕು. ಪೂರ್ವದ ಆ ರಾಜ್ಯಗಳಲ್ಲಿ ಜನ ಒತ್ತಾಗಿದ್ದಾರೆ, ಮರಗಳ ಮರೆಯಿದೆ, ಅಲ್ಲಿ ರಾತ್ರಿ ಹೊತ್ತು ಬರುವ ಟಾರ್ನೆಡೊ ಜಾಸ್ತಿ. ಗಟ್ಟಿ ಅಡಿಪಾಯವಿಲ್ಲದೆ ತಂದು ನಿಲ್ಲಿಸಿದ ಮನೆಗಳೂ ತುಂಬ ಇವೆ. ಗಾಳಿಯ ಬಲ ಅಷ್ಟೇ ಇದ್ದರೂ ಸಾವು ಹೆಚ್ಚಬಹುದು. ಹೆಚ್ಚು ಸಾವು ಅಂದರೆ ಹೆಚ್ಚು ಬಲ ಅಂತಲೂ ಅಲ್ಲ. 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ದೌಲತ್‌ಪುರ–ಸಾಟುರಿಯಾದಲ್ಲಿ ಸುಮಾರು 1,300 ಜನ ಸತ್ತರು. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಟಾರ್ನೆಡೊ ಅದು. ಆದ್ದರಿಂದ ಗಾಳಿಗೆ ‘ಬಲ’, ಜನರ ಪಾಲಿಗೆ ‘ಅಪಾಯ’ ಅಂತ ಬೇರೆ ಮಾಡಿಕೊಂಡಿದ್ದೇನೆ.

ಸದ್ಯಕ್ಕೆ ಹೊಲದ್ದಕ್ಕೆ ‘ಸುಳಿಗಾಳಿ’, ಮೋಡದಿಂದ ಇಳಿಯುವುದಕ್ಕೆ ‘ಸುಂಟರಗಾಳಿ’, ಕಡಲಿನದಕ್ಕೆ ‘ಚಂಡಮಾರುತ’ ಅಂತ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಆದರೆ ಅಮ್ಮನಂಥವರಿಗೆ ಎರಡನೆಯದು ಇನ್ನೂ ಚಿಕ್ಕದಾಗೇ ಕೇಳುತ್ತದೆ. ‘ಟಾರ್ನೆಡೊ’ ಅಂತಲೇ ಬಿಟ್ಟುಬಿಡಲೇ? ನಿಮ್ಮ ಊರುಗಳಲ್ಲಿ ಹೊಲದ ಧೂಳಿನ ಸುತ್ತುಗಾಳಿಗೆ ಏನನ್ನುತ್ತಾರೆ? ಹೆಂಚು, ತಗಡು ಕಿತ್ತೊಯ್ಯುವ ಗಾಳಿಗೆ ಅದೇ ಹೆಸರೋ, ಬೇರೆಯೋ? ಮಲೆನಾಡು, ಕರಾವಳಿ, ಕಲಬುರಗಿ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಅವರು ಆಡುವ ಪದವನ್ನು ಊರಿನ ಹೆಸರಿನ ಜೊತೆ ಬರೆಯಿರಿ.